ಟ್ರಾಲಿ ಎಳೆಯೋ ಬೊಲೆರೊಗೆ ಯಾವ ಟೈರ್: ಬಟನ್‌ಗಿಂತ ಮೊದಲು ಭಾರದ ಅಂಕಿ ನೋಡಿ

ಅಣ್ಣ, ನಿಮ್ಮ ಹೊಲ ಜಗಳೂರು ಕಡೆ, ಗಾಡಿ ಬೊಲೆರೊ. ಹಿಂದೆ 500 ಲೀಟರ್ ಟ್ಯಾಂಕ್ ಇರೋ ಎರಡು ಚಕ್ರದ ಟ್ರಾಲಿ, ಈರುಳ್ಳಿ ಕಿತ್ತಾಗ ಅದರಲ್ಲೇ ಚೀಲ ಹೇರಿಕೊಂಡು ದಾವಣಗೆರೆ ಮಾರ್ಕೆಟ್‌ಗೆ. ಟೈರ್ ಸವೆದಿವೆ, ಮಡ್ ಟೈರ್, ಅಂದರೆ ಕೆಸರಿಗೆ ಅಂತ ದೊಡ್ಡ ಬಟನ್ (ನೆಲ ಹಿಡಿಯೋ ಉಬ್ಬು) ಇರೋ ಟೈರ್ ಹಾಕಿಸಲಾ ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆಗೆ ಉತ್ತರ ಬರೆದ ಇಬ್ಬರು ಹಾಕಿಸಿ ಅಂದಿದ್ದಾರೆ. ನಾನು ಬೇಡ ಅನ್ನುತ್ತೇನೆ, ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಮೊದಲು ಭಾರದ ಲೆಕ್ಕ. ಟೈರಿನ ಪಕ್ಕದಲ್ಲಿ 215/75 ಆರ್15 ಅಂತ ಅಳತೆ ಇರುತ್ತದೆ, ಅದರ ಮುಂದೆಯೇ ಒಂದು ಅಂಕಿ, ಒಂದು ಅಕ್ಷರ. ಎಲ್ಲರೂ ಅಳತೆ ನೋಡುತ್ತಾರೆ, ಈ ಅಂಕಿ ನೋಡೋದಿಲ್ಲ. ಅದು ಲೋಡ್ ಇಂಡೆಕ್ಸ್. 100 ಅಂದರೆ ಒಂದು ಟೈರ್ 800 ಕೆಜಿ ಹೊರುತ್ತದೆ, 104 ಅಂದರೆ 900, 108 ಅಂದರೆ 1000. ಈಗ ಇರೋದಕ್ಕಿಂತ ಕಡಿಮೆ ಅಂಕಿಯ ಟೈರ್ ಅಂಗಡಿಯವರು ಎಷ್ಟೇ ಕಡಿಮೆ ರೇಟಿಗೆ ಕೊಟ್ಟರೂ ಹಾಕಿಸಬೇಡಿ.

ನೀರು 500 ಕೆಜಿ, ಕಬ್ಬಿಣದ ಟ್ರಾಲಿ 300 ಅಂತ ಇಟ್ಟುಕೊಳ್ಳಿ, ಒಟ್ಟು 800. ಸರಿಯಾಗಿ ಹೇರಿದರೆ ಅದರಲ್ಲಿ ನೂರಕ್ಕೆ 10ರಿಂದ 15 ಪಾಲು, ಅಂದರೆ 80ರಿಂದ 120 ಕೆಜಿ ಹುಕ್ ಮೇಲೆ ಕೂರುತ್ತದೆ. ಹುಕ್ ಹಿಂದಿನ ಆಕ್ಸಲ್‌ಗಿಂತ ಆಚೆ ಇರೋದರಿಂದ ಗಾಡಿಯ ಮೂತಿ ಸ್ವಲ್ಪ ಮೇಲೇಳುತ್ತದೆ, ಮುಂದಿನ ಚಕ್ರದ ಭಾರವೂ ಅಷ್ಟಿಷ್ಟು ಹಿಂದಕ್ಕೇ ಬರುತ್ತದೆ. ಮೇಲೆ ಗಾಡಿಯೊಳಗೆ ಆಳುಗಳು, ಗೊಬ್ಬರದ ಚೀಲ. ಇದರಲ್ಲಿ ಬಹುಪಾಲು ಬೀಳೋದು ಹಿಂದಿನ ಎರಡು ಟೈರ್ ಮೇಲೆ. ಅಂದಾಜು ಬೇಡ ಅಂದರೆ ವೇಬ್ರಿಡ್ಜ್‌ಗೆ ಹೋಗಿ. ಟ್ರಾಲಿ ತುಂಬಿ ಹುಕ್ ಹಾಕಿಕೊಂಡೇ ಮೊದಲು ಮುಂದಿನ ಚಕ್ರ ಮಾತ್ರ ಹತ್ತಿಸಿ ತೂಕ ಮಾಡಿಸಿ, ಆಮೇಲೆ ಹಿಂದಿನ ಚಕ್ರವೂ ಹತ್ತಿಸಿ, ಟ್ರಾಲಿ ಚಕ್ರ ಕೆಳಗೇ ಇರಲಿ. ಎರಡರ ವ್ಯತ್ಯಾಸವೇ ಹಿಂದಿನ ಟೈರುಗಳ ಭಾರ. ಇನ್ನೊಂದು, ಟ್ಯಾಂಕ್ ಅರ್ಧ ತುಂಬಿಸಿ ಓಡಿಸಬೇಡಿ, ನೀರು ಹೊಯ್ದಾಡಿ ಗಾಡಿಯನ್ನೇ ಎಳೆದಾಡುತ್ತದೆ. ಪೂರ್ತಿ ತುಂಬಿ, ಇಲ್ಲ ಪೂರ್ತಿ ಖಾಲಿ ಮಾಡಿ.

ಈಗ ಮಡ್ ಟೈರ್ ವಿಷಯ. ನಮ್ಮ ಕಡೆ ನೆಲ ನೋಡಿ, ಒಂದು ಕಡೆ ಎರೆ, ಇನ್ನೊಂದು ಕಡೆ ಗರಸು ಕಲ್ಲು, ಬದುವಿನ ಉದ್ದಕ್ಕೂ ಬಳ್ಳಾರಿ ಜಾಲಿ. ಎರೆ ಮಣ್ಣು ನೆನೆದ ಮೇಲೆ ದೊಡ್ಡ ಬಟನ್‌ಗೂ ಮೆತ್ತಿಕೊಳ್ಳುತ್ತದೆ. ಅದು ಉದುರಬೇಕಾದರೆ ಚಕ್ರ ಜೋರಾಗಿ ತಿರುಗಬೇಕು, ಹಿಂದೆ ಟ್ರಾಲಿ ಕಟ್ಟಿಕೊಂಡು ಹಾಗೆ ತಿರುಗಿಸಿದರೆ ಗಾಡಿ ಇನ್ನೂ ಆಳಕ್ಕೆ ಹೂತುಕೊಳ್ಳುತ್ತದೆ. ಅಂಥ ದಿನ ಟ್ರ್ಯಾಕ್ಟರೇ ಸರಿ. ಉಳಿದ ದಿನ ನೀವು ಓಡಿಸೋದು ಬಂಡಿ ದಾರಿಯಲ್ಲಿ ಸ್ವಲ್ಪ, ಟಾರ್ ರೋಡಲ್ಲೇ ಜಾಸ್ತಿ. ಟಾರ್ ಮೇಲೆ ಮಡ್ ಟೈರ್ ಗುಂಯ್ ಅನ್ನುತ್ತದೆ, ಬೇಗ ಸವೆಯುತ್ತದೆ, ಡೀಸೆಲ್ ತಿನ್ನುತ್ತದೆ, ಮಳೆಯಲ್ಲಿ ಬ್ರೇಕ್ ಹಿಡಿದರೆ ದೂರ ಹೋಗಿ ನಿಲ್ಲುತ್ತದೆ. ಹಿಂದೆ 800 ಕೆಜಿ ತಳ್ಳುತ್ತಾ ಇರುವಾಗ ಅದು ನಿಜವಾಗಿಯೂ ಅಪಾಯ. ನಿಮಗೆ ಬೇಕಾಗಿರೋದು ಆಲ್ ಟೆರೇನ್, ಅಂದರೆ ರೋಡಿಗೂ ಹೊಲದ ದಾರಿಗೂ ಆಗೋ ಟೈರ್, ಅಂಗಡಿಯಲ್ಲಿ ಎ/ಟಿ ಅಂತ ಕೇಳಿ. ಯೊಕೊಹಾಮಾ ಜಿಯೋಲ್ಯಾಂಡರ್, ಅಪೊಲೊ ಆಪ್ಟೆರಾ, ಸಿಯೆಟ್ ಕ್ರಾಸ್‌ಡ್ರೈವ್ ಹೀಗೆ ಎಲ್ಲಾ ಕಂಪನಿಯಲ್ಲೂ ಇವೆ. ನಿಮ್ಮ ಅಳತೆಯಲ್ಲಿ, ಸರಿಯಾದ ಲೋಡ್ ಅಂಕಿಯಲ್ಲಿ ಯಾವುದು ಸಿಗುತ್ತದೋ ಅದು ಸಾಕು.

ಕೆಲವು ಟೈರಲ್ಲಿ ಅಳತೆಯ ಮುಂಚೆ ಎಲ್‌ಟಿ ಅಂತ ಇರುತ್ತದೆ, ಲೈಟ್ ಟ್ರಕ್ ಅಂತ. ಪಕ್ಕ ದಪ್ಪ, ಕಲ್ಲಿಗೆ ಬೇಗ ಸೀಳೋದಿಲ್ಲ, ಟ್ರಾಲಿ ಎಳೆಯುವಾಗ ಅಷ್ಟು ಓಲಾಡೋದೂ ಇಲ್ಲ. ಆದರೆ ಎಲ್‌ಟಿ ಟೈರ್ ಅಷ್ಟೇ ಭಾರ ಹೊರಬೇಕಾದರೆ ಗಾಳಿ ಜಾಸ್ತಿ ಬೇಕು. ಹಳೇ ಟೈರಿಗೆ ಹಾಕುತ್ತಿದ್ದ ಗಾಳಿಯನ್ನೇ ಹಾಕಿಸಿ ಲೋಡ್ ಎಳೆದರೆ ಟೈರ್ ಒಳಗೆ ಕಾದು ಬೇಸಿಗೆಯಲ್ಲಿ ಸಿಡಿಯಬಹುದು. ಎಷ್ಟು ಅಂತ ಆ ಕಂಪನಿಯ ಚಾರ್ಟ್ ತೋರಿಸಿ ಅಂತ ಅಂಗಡಿಯಲ್ಲೇ ಕೇಳಿ. ಇನ್ನು ಹೊಲದಲ್ಲಿ ಹಿಡಿತ ಬರಲಿ ಅಂತ ಗಾಳಿ ಇಳಿಸುತ್ತಾರಲ್ಲ, ಅದು ಖಾಲಿ ಗಾಡಿಗೆ, ನಿಧಾನಕ್ಕೆ ಹೋಗುವಾಗ ಮಾತ್ರ. ಟ್ರಾಲಿ ಇದ್ದಾಗ ಬೇಡ. ಗಾಳಿ ಇಳಿಸಿದರೆ ರೋಡಿಗೆ ಹತ್ತೋ ಮೊದಲು ತುಂಬಿಸಲೇಬೇಕು, ಹಾಗಾಗಿ 12 ವೋಲ್ಟ್‌ನ ಸಣ್ಣ ಪಂಪ್ ಗಾಡಿಯಲ್ಲಿ ಇರಲಿ.

ಜಾಲಿ ಮುಳ್ಳಿಗೆ ಯಾವ ಟೈರೂ ಪೂರ್ತಿ ತಡೆಯಲ್ಲ. ಟ್ಯೂಬ್‌ಲೆಸ್ ಆದರೆ ಗಾಳಿ ನಿಧಾನಕ್ಕೆ ಇಳಿಯುತ್ತದೆ, ಊರು ಸೇರಬಹುದು. ತುಳಿಯೋ ಭಾಗದ ತೂತಿಗೆ ಒಳಗಿಂದ ಮಶ್ರೂಮ್ ಪ್ಯಾಚ್ (ಅಣಬೆ ಆಕಾರದ ರಬ್ಬರ್ ತುಂಡು) ಹಾಕಿಸಿ. ಪಕ್ಕದಲ್ಲಿ ಸೀಳಿದರೆ ರಿಪೇರಿ ಬೇಡ, ಬದಲಾಯಿಸಿ.

ಯಾರೋ 235/75 ಅಳತೆಯ ದೊಡ್ಡ ಟೈರ್ ಹಾಕಿಸಿ ಅಂದಿದ್ದಾರೆ. ಅದು ಸುಮಾರು 3 ಸೆಂಟಿಮೀಟರ್ ಎತ್ತರ ಜಾಸ್ತಿ. ಮೀಟರ್ 60 ತೋರಿಸುವಾಗ ಗಾಡಿ 62ರ ಮೇಲೆ ಓಡುತ್ತಿರುತ್ತದೆ, ಅದೇನೂ ದೊಡ್ಡದಲ್ಲ. ಆದರೆ ಏರಿನಲ್ಲಿ ಎಳೆತ ಕಡಿಮೆಯಾಗುತ್ತದೆ, ಬ್ರೇಕಿಗೂ ಕೆಲಸ ಹೆಚ್ಚು. ಲೋಡ್ ಎಳೆಯೋ ಗಾಡಿಗೆ ಕಂಪನಿ ಅಳತೆಯೇ ಒಳ್ಳೆಯದು.

ಕೊಳ್ಳುವಾಗ ಪಕ್ಕದಲ್ಲಿರುವ ನಾಲ್ಕು ಅಂಕಿಯ ತಾರೀಕು ನೋಡಿ. 2324 ಅಂದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ವರ್ಷಗಟ್ಟಲೆ ಅಂಗಡಿಯಲ್ಲೇ ಬಿದ್ದಿರೋ ಟೈರನ್ನು ಹೊಸದರ ರೇಟಿಗೆ ತಗೋಬೇಡಿ. ಒಂದು ಆಕ್ಸಲ್‌ಗೆ ಎರಡೂ ಒಂದೇ ಥರದವು ಇರಲಿ. ಕಾನೂನಲ್ಲಿ ಬಟನ್ 1.6 ಮಿಮೀವರೆಗೆ ಸವೆಯಬಹುದು ಅಂತ ಇದ್ದರೂ, ನಿಮ್ಮ ಕೆಲಸಕ್ಕೆ 3 ಮಿಮೀ ಆದಾಗಲೇ ಬದಲಾಯಿಸಿ ಅಂತ ನನ್ನ ಅಭಿಪ್ರಾಯ.

ಟ್ರಾಲಿ ಟೈರ್ ಯಾವುದು ಅಂತ ನೀವು ಬರೆದಿಲ್ಲ. ಯಾವುದೋ ಕಾರಿನ ಹಳೇ ಟೈರ್ ಹಾಕಿಸಿದ್ದರೆ ಮೊದಲು ಅದನ್ನೇ ಬದಲಾಯಿಸಬೇಕಾಗಬಹುದು, ಹುಕ್ ಮೇಲಿನದು ಬಿಟ್ಟು ಸುಮಾರು 700 ಕೆಜಿ ನಿಂತಿರೋದು ಆ ಎರಡರ ಮೇಲೆ. ಅದರ ಪಕ್ಕದಲ್ಲಿರೋ ಅಂಕಿಯ ಫೋಟೋ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.