ಆಡಿಯೊ ಕಥೆಯ ಪಾತ್ರಕ್ಕೆ ಬೇರೆ ಊರಿನ ಮಾತಿನ ಧಾಟಿ ಕಲಿಯುವುದು ಹೇಗೆ?

ಆ ಊರಿನವರೊಬ್ಬರ ಒಪ್ಪಿಗೆ ಪಡೆದು, ಅವರ ಸಹಜ ಮಾತನ್ನು 10 ನಿಮಿಷ ರೆಕಾರ್ಡ್ ಮಾಡಿಕೊಳ್ಳಿ. ಬರೆದದ್ದನ್ನು ಓದಿಸಬೇಡಿ, ಓದುವಾಗ ಮಾತು ಪುಸ್ತಕದ ಭಾಷೆಗೆ ಜಾರುತ್ತದೆ. ಅದರಲ್ಲಿ 20 ಸೆಕೆಂಡಿನ ತುಣುಕು ಆರಿಸಿ, ಮೊದಲು ಪದ ಬಿಟ್ಟು ಬರೀ ಏರಿಳಿತವನ್ನು ಗುನುಗಿ: ದನಿ ಎಲ್ಲಿ ಏರುತ್ತದೆ, ಯಾವ ಸ್ವರ ಎಳೆಯುತ್ತದೆ, ಉಸಿರು ಎಲ್ಲಿ. ಆಮೇಲೆ ಹೆಡ್‌ಫೋನಿನಲ್ಲಿ ಕೇಳುತ್ತಾ ಬೆನ್ನಿಗೇ ಹೇಳಿ, ನಿಮ್ಮದನ್ನೂ ರೆಕಾರ್ಡ್ ಮಾಡಿ ಹೋಲಿಸಿ.

ಬಹುತೇಕರು ಎಡವುವುದು ಇಲ್ಲೇ. ಎದ್ದು ಕೇಳುವ ಒಂದೆರಡು ಪದಗಳನ್ನು ಹಿಗ್ಗಿಸುತ್ತಾರೆ, ಲಯ ಮಾತ್ರ ತಮ್ಮದೇ ಉಳಿಯುತ್ತದೆ. ಆ ಊರಿನವರಿಗೆ ಅದು ಅಣಕದಂತೆ ಕೇಳಿ ನೋವಾಗುತ್ತದೆ. ಪದ ಕಡಿಮೆ ಬದಲಿಸಿ, ಲಯ ಹಿಡಿಯಿರಿ.

ಮೈಕ್ ಬಾಯಿಂದ ಒಂದು ಗೇಣು ದೂರ, ತುಸು ಓರೆಯಾಗಿರಲಿ. ನೇರವಾಗಿದ್ದರೆ ಪ, ಬ ಅಕ್ಷರಗಳ ಗಾಳಿ ಬಡಿಯುತ್ತದೆ. ಹೊರಗೆ ಬಿಡುವ ಮುನ್ನ ಅದೇ ಊರಿನ ಇಬ್ಬರಿಗೆ ಕೇಳಿಸಿ.