ಐಸ್ ಹಾಕಿಯ ದೊಡ್ಡ ಆಟಗಾರ ಒಳ್ಳೆಯ ತರಬೇತುದಾರನೂ ಆಗುತ್ತಾನೆಯೇ?

ಶಿರಸಿಯ ಗೆಳೆಯರೊಬ್ಬರು ಕೇಳಿದ ಈ ಪ್ರಶ್ನೆಗೆ, ಆಗಲೇಬೇಕೆಂದೇನೂ ಇಲ್ಲ ಎಂಬುದೇ ನನ್ನ ಉತ್ತರ. ಉತ್ತರ ಅಮೆರಿಕದ ರಾಷ್ಟ್ರೀಯ ಹಾಕಿ ಲೀಗ್‌ನಲ್ಲಿ 894 ಗೋಲು ಹೊಡೆದ ವೇಯ್ನ್ ಗ್ರೆಟ್ಸ್ಕಿ 2005ರಿಂದ 2009ರವರೆಗೆ ಫೀನಿಕ್ಸ್ ತಂಡದ ಮುಖ್ಯ ತರಬೇತುದಾರರಾಗಿದ್ದರೂ ತಂಡ ಒಮ್ಮೆಯೂ ಪ್ಲೇಆಫ್ ತಲುಪಲಿಲ್ಲ.

ರಾಡ್ ಬ್ರಿಂಡಮೋರ್ ಅವರ ಹಾದಿಯೇ ಬೇರೆ. 1,484 ಪಂದ್ಯಗಳನ್ನಾಡಿ, 2006ರಲ್ಲಿ ನಾಯಕರಾಗಿ ಕ್ಯಾರೊಲೈನಾ ಹರಿಕೇನ್ಸ್ ತಂಡಕ್ಕೆ ಆ ಲೀಗ್‌ನ ಚಾಂಪಿಯನ್ನರಿಗೆ ಸಲ್ಲುವ ಸ್ಟ್ಯಾನ್ಲಿ ಕಪ್ ಗೆದ್ದುಕೊಟ್ಟ ಅವರು, 2010ರಲ್ಲಿ ನಿವೃತ್ತರಾದ ಮೇಲೆ ಅದೇ ತಂಡದಲ್ಲಿ 2011ರಿಂದ ಏಳು ವರ್ಷ ಸಹಾಯಕ ತರಬೇತುದಾರರಾಗಿ ದುಡಿದು, 2018ರಲ್ಲಷ್ಟೇ ಮುಖ್ಯ ಹೊಣೆ ಹೊತ್ತರು. ಸತತ ಒಂಬತ್ತು ಋತು ಪ್ಲೇಆಫ್ ಕಾಣದಿದ್ದ ತಂಡ ಮರುವರ್ಷವೇ ಕೊನೆಯ ನಾಲ್ಕರೊಳಗೆ ಬಂದಿತು. 2021ರಲ್ಲಿ ಅವರಿಗೆ ಶ್ರೇಷ್ಠ ತರಬೇತುದಾರರ ಜ್ಯಾಕ್ ಆ್ಯಡಮ್ಸ್ ಪ್ರಶಸ್ತಿ ಸಂದಿತು.

ನನ್ನ ದೃಷ್ಟಿಯಲ್ಲಿ ಆ ಏಳು ವರ್ಷಗಳೇ ನಿರ್ಣಾಯಕ. ಐಸ್ ಹಾಕಿಯಲ್ಲಿ ಆಟಗಾರರು ಮುಕ್ಕಾಲು ನಿಮಿಷಕ್ಕೊಮ್ಮೆ ಬದಲಾಗುತ್ತಿರುವುದರಿಂದ, ಯಾರನ್ನು ಯಾರ ಎದುರು ಇಳಿಸಬೇಕೆಂಬ ಲೆಕ್ಕಾಚಾರ ಬೆಂಚಿನ ಹಿಂದೆ ನಿಂತವನದು. ನಮ್ಮ ಯಕ್ಷಗಾನದಲ್ಲಿ ಕುಣಿಯದ ಭಾಗವತರನ್ನು ಮೊದಲನೆಯ ವೇಷವೆನ್ನುತ್ತಾರಲ್ಲ, ಹಾಗೆ; ಕುಣಿತ ಬಲ್ಲವರೆಲ್ಲ ಜಾಗಟೆ ಹಿಡಿದು ರಂಗ ನಡೆಸಲಾರರು.