ವಿಂಡೋ ಹ್ಯಾಂಗ್ ಆಗುವುದು ಏಕೆ: ನಿಮ್ಮ ಪುಸ್ತಕ ಪಟ್ಟಿಯ ಪ್ರೋಗ್ರಾಮ್ ಕುರಿತು

ನಮಸ್ಕಾರ. ಪೈಥಾನ್ ಮತ್ತು ಟಿಕಿಂಟರ್ (ಪೈಥಾನ್‌ನಲ್ಲಿ ವಿಂಡೋ, ಬಟನ್ ಮಾಡುವ ಲೈಬ್ರರಿ) ಬಳಸಿ ಪುಸ್ತಕಗಳ ಪಟ್ಟಿ ಇಡುವ ಪ್ರೋಗ್ರಾಮ್ ಬರೆದಿದ್ದೇನೆ, ಐದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ ಎಂದು ಕೇಳಿದ್ದೀರಿ. ‘ಉಳಿಸು’ ಬಟನ್ ಯಾರೂ ಒತ್ತದೆಯೇ ಪ್ರೋಗ್ರಾಮ್ ತೆರೆದ ಕೂಡಲೇ ಕೆಲಸ ಮಾಡಿ, ಆಮೇಲೆ ಒತ್ತಿದರೆ ಸುಮ್ಮನಿರುತ್ತದೆ. ಹಳೆಯ ಪಟ್ಟಿಯನ್ನು ಫೈಲಿನಿಂದ ತುಂಬಿಸುವಾಗ ವಿಂಡೋ ಹ್ಯಾಂಗ್ ಆಗುತ್ತದೆ, ಮುಗಿದ ಮೇಲೆ ನೋಡಿದರೆ ಅವೇ ಪುಸ್ತಕಗಳು ಎರಡೆರಡು ಸಲ ಸೇರಿರುತ್ತವೆ. ಮುಖಪುಟದ ಚಿತ್ರ ಬರಬೇಕಾದ ಜಾಗ ಖಾಲಿ ಉಳಿಯುತ್ತದೆ. ಕನ್ನಡ ಶೀರ್ಷಿಕೆಯನ್ನು ಫೈಲಿಗೆ ಬರೆಯುವಾಗ ಎರರ್ ಬರುತ್ತದೆ. ಪೈಥಾನ್ ಕೋಡನ್ನು ನೇರವಾಗಿ ಓಡುವ ಪ್ರೋಗ್ರಾಮ್ ಆಗಿ ಕಟ್ಟುವ ಪೈಇನ್‌ಸ್ಟಾಲರ್‌ನಿಂದ ಒಂದೇ ಫೈಲ್ ಮಾಡಿ ಸ್ನೇಹಿತರಿಗೆ ಕೊಟ್ಟರೆ, ಅವರು ಸೇರಿಸಿದ ಪುಸ್ತಕಗಳು ಪ್ರೋಗ್ರಾಮ್ ಮುಚ್ಚಿ ತೆರೆದಾಗ ಇರುವುದಿಲ್ಲ.

ಇವುಗಳಲ್ಲಿ ಮೊದಲ ಎರಡನ್ನು ನಾನು ಒಂದೇ ತೊಂದರೆಯೆಂದು ಎಣಿಸುತ್ತೇನೆ, ಆದ್ದರಿಂದ ಅವುಗಳ ಬಗ್ಗೆಯೇ ಹೆಚ್ಚು ಬರೆಯುತ್ತೇನೆ. ಟರ್ಮಿನಲ್‌ನಲ್ಲಿ ಓಡುವ ಪ್ರೋಗ್ರಾಮ್ ಬರೆದು ಅಭ್ಯಾಸವಾದವರಿಗೆ ಕೋಡ್ ಎಂದರೆ ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ನಾವು ಹೇಳಿದ ಕ್ರಮದಲ್ಲಿ ನಡೆಯುವ ಕೆಲಸ. ವಿಂಡೋ ಇರುವ ಪ್ರೋಗ್ರಾಮ್ ಹಾಗಲ್ಲ. ಮೇನ್‌ಲೂಪ್ ಎಂಬ ಸಾಲಿಗೆ ಬಂದ ಮೇಲೆ ಯಜಮಾನಿಕೆ ಟಿಕಿಂಟರ್‌ನದು. ಮೌಸ್ ಕ್ಲಿಕ್, ಕೀಲಿಮಣೆಯ ಒತ್ತು, ಪರದೆಯನ್ನು ಮತ್ತೆ ಬಿಡಿಸಬೇಕೆಂಬ ಸೂಚನೆ, ಟೈಮರ್ ಇವೆಲ್ಲ ಒಂದು ಸರದಿಯಲ್ಲಿ ಬಂದು ನಿಲ್ಲುತ್ತವೆ. ಆ ಲೂಪ್ ಒಂದೊಂದನ್ನೇ ಎತ್ತಿಕೊಂಡು, ಅದಕ್ಕೆ ಸಂಬಂಧಿಸಿದ ನಮ್ಮ ಫಂಕ್ಷನ್ ಇದ್ದರೆ ಅದನ್ನು ಕರೆದು, ಅದು ಮುಗಿದು ಹಿಂದಿರುಗುವವರೆಗೆ ಕಾದು, ಆಮೇಲೆಯೇ ಮುಂದಿನದಕ್ಕೆ ಕೈ ಹಾಕುತ್ತದೆ. ನಮ್ಮ ಫಂಕ್ಷನ್‌ಗಳನ್ನು ಕರೆಯುವವರು ನಾವಲ್ಲ, ಆ ಲೂಪ್. ಯಾರು ಯಾರನ್ನು ಕರೆಯುತ್ತಿದ್ದಾರೆ ಎಂಬ ಈ ಒಂದು ಪ್ರಶ್ನೆಯನ್ನು ಪ್ರತಿ ಸಾಲಿಗೂ ಕೇಳಿಕೊಳ್ಳುವ ಅಭ್ಯಾಸವಾದರೆ ಅರ್ಧ ತೊಂದರೆಗಳು ಕೋಡ್ ಓದುವಾಗಲೇ ಕಣ್ಣಿಗೆ ಬೀಳುತ್ತವೆ.

ಬಟನ್ನಿನ ವಿಷಯ ನೋಡಿ. ನೀವು ಹಾಕಿರುವ ಕೋಡಿನಲ್ಲಿ ಕಮಾಂಡ್ ಎಂಬ ಜಾಗಕ್ಕೆ ‘ಸೇವ್()’ ಎಂದು ಆವರಣ ಸಮೇತ ಬರೆದಿದ್ದೀರಿ. ಆವರಣ ಬಂದ ಕ್ಷಣ ಪೈಥಾನ್ ಆ ಫಂಕ್ಷನ್ನನ್ನು ಅಲ್ಲೇ ಕರೆಯುತ್ತದೆ, ಅದು ಹಿಂದಿರುಗಿಸಿದ ಮೌಲ್ಯವನ್ನು ಬಟನ್ನಿಗೆ ಕೊಡುತ್ತದೆ. ನಿಮ್ಮ ಫಂಕ್ಷನ್ ಏನನ್ನೂ ಹಿಂದಿರುಗಿಸದ ಕಾರಣ ಬಟನ್ನಿಗೆ ಸಿಕ್ಕಿದ್ದು ‘ನನ್’, ಅಂದರೆ ಏನೂ ಇಲ್ಲ. ಶುರುವಿನಲ್ಲೇ ಒಮ್ಮೆ ಉಳಿಸಿದ್ದಕ್ಕೂ ಆಮೇಲೆ ಒತ್ತಿದಾಗ ಏನೂ ಆಗದ್ದಕ್ಕೂ ಇದೊಂದೇ ಕಾರಣ. ಆವರಣ ತೆಗೆದು ಬರೀ ಹೆಸರನ್ನು ಕೊಡಿ. ಆಗ ನೀವು ಕೊಟ್ಟಂತಾಗುವುದು ಫಂಕ್ಷನ್ನನ್ನೇ, ಅದನ್ನು ಯಾವಾಗ ಕರೆಯಬೇಕೆಂಬುದು ಲೂಪಿನ ಪಾಲಿನ ಕೆಲಸ. ಫಂಕ್ಷನ್ನಿಗೆ ಮೌಲ್ಯ ಕಳಿಸಬೇಕಾದರೆ ಲ್ಯಾಂಬ್ಡಾ (ಒಂದೇ ಸಾಲಿನಲ್ಲಿ ಬರೆಯುವ ಹೆಸರಿಲ್ಲದ ಫಂಕ್ಷನ್) ಒಳಗೆ ಸುತ್ತಿ ಕೊಡಿ. ಇಲ್ಲೊಂದು ಎಚ್ಚರ ಬೇಕು: ಫಾರ್ ಲೂಪಿನಲ್ಲಿ ಹತ್ತು ಬಟನ್ ಮಾಡಿ ಪ್ರತಿಯೊಂದಕ್ಕೂ ಲ್ಯಾಂಬ್ಡಾ ಕೊಟ್ಟರೆ ಹತ್ತೂ ಬಟನ್‌ಗಳು ಕೊನೆಯ ಪುಸ್ತಕವನ್ನೇ ತೆರೆಯುತ್ತವೆ. ಲ್ಯಾಂಬ್ಡಾ ನೆನಪಿಟ್ಟುಕೊಳ್ಳುವುದು ವೇರಿಯಬಲ್‌ನ ಹೆಸರನ್ನು, ಆ ಕ್ಷಣದ ಮೌಲ್ಯವನ್ನಲ್ಲ. ಲ್ಯಾಂಬ್ಡಾದ ಆರ್ಗ್ಯುಮೆಂಟಿಗೆ ಡಿಫಾಲ್ಟ್ ಮೌಲ್ಯವಾಗಿ ಆ ವೇರಿಯಬಲ್ಲನ್ನೇ ಕೊಟ್ಟರೆ ಮೌಲ್ಯ ಅಲ್ಲೇ ಗಟ್ಟಿಯಾಗುತ್ತದೆ.

ಇನ್ನು ಹ್ಯಾಂಗ್ ಆಗುವ ವಿಷಯ. ಪಟ್ಟಿ ತುಂಬಿಸುವ ನಿಮ್ಮ ಫಂಕ್ಷನ್ ಹನ್ನೆರಡು ಸೆಕೆಂಡ್ ಓಡುತ್ತದೆ ಎಂದಿದ್ದೀರಿ. ಅಷ್ಟು ಹೊತ್ತೂ ಲೂಪ್ ನಿಮ್ಮ ಫಂಕ್ಷನ್ನಿನ ಬಾಗಿಲಲ್ಲಿ ಕಾಯುತ್ತಾ ನಿಂತಿರುತ್ತದೆ. ವಿಂಡೋವನ್ನು ಮತ್ತೆ ಬಿಡಿಸುವವರಿಲ್ಲ, ಕ್ಲಿಕ್ ಕೇಳಿಸಿಕೊಳ್ಳುವವರಿಲ್ಲ. ವಿಂಡೋಸ್‌ನಲ್ಲಿ ಒಂದು ವಿಂಡೋ 5 ಸೆಕೆಂಡ್ ಕಾಲ ತನಗೆ ಬಂದ ಸಂದೇಶಗಳನ್ನು ಮುಟ್ಟದಿದ್ದರೆ ಆಪರೇಟಿಂಗ್ ಸಿಸ್ಟಮ್ ಅದನ್ನು ಸ್ತಬ್ಧವಾಗಿದೆಯೆಂದು ಪರಿಗಣಿಸಿ, ವಿಂಡೋದ ಮೇಲ್ತುದಿಯ ಟೈಟಲ್ ಬಾರಿನಲ್ಲಿ ‘ನಾಟ್ ರೆಸ್ಪಾಂಡಿಂಗ್’ ಎಂದು ತೋರಿಸುತ್ತದೆ. ನಿಮ್ಮ ಕೋಡ್ ಆಗಲೂ ಸರಿಯಾಗಿಯೇ ಕೆಲಸ ಮಾಡುತ್ತಿರುತ್ತದೆ, ಆದರೆ ಅದನ್ನು ಹೇಳಲು ಅದಕ್ಕೆ ಬಿಡುವಿಲ್ಲ.

ಪುಸ್ತಕಗಳು ಎರಡೆರಡು ಸಲ ಸೇರಿದ್ದು ಇದೇ ಕಾರಣಕ್ಕೆ. ವಿಂಡೋ ಅಲುಗಾಡದಿದ್ದಾಗ ನೀವು ಬಟನ್ನನ್ನು ಮತ್ತೊಮ್ಮೆ ಒತ್ತಿರುತ್ತೀರಿ. ಯಾರಾದರೂ ಹಾಗೆಯೇ ಮಾಡುತ್ತಾರೆ. ಆ ಕ್ಲಿಕ್ ಕಳೆದುಹೋಗದೆ ಸರದಿಯಲ್ಲಿ ಕಾದಿದ್ದು, ಮೊದಲ ಸುತ್ತು ಮುಗಿದ ಕೂಡಲೇ ಫಂಕ್ಷನ್ನನ್ನು ಎರಡನೆಯ ಸಲ ಓಡಿಸಿದೆ. ಫಂಕ್ಷನ್ನಿನ ಮೊದಲ ಸಾಲಿನಲ್ಲಿ ಬಟನ್ನನ್ನು ನಿಷ್ಕ್ರಿಯಗೊಳಿಸಿ ಕೊನೆಯ ಸಾಲಿನಲ್ಲಿ ಮತ್ತೆ ಸಕ್ರಿಯಗೊಳಿಸಿದೆ, ಆದರೂ ಪ್ರಯೋಜನವಾಗಲಿಲ್ಲ ಎಂದು ಬರೆದಿದ್ದೀರಲ್ಲ, ಅದು ಪ್ರಯೋಜನವಾಗುವಂತಿಲ್ಲ. ಕಾದಿದ್ದ ಕ್ಲಿಕ್ಕನ್ನು ಲೂಪ್ ಎತ್ತಿಕೊಳ್ಳುವುದೇ ನಿಮ್ಮ ಫಂಕ್ಷನ್ ಪೂರ್ತಿ ಮುಗಿದ ಮೇಲೆ, ಆ ಹೊತ್ತಿಗೆ ಬಟನ್ ಮತ್ತೆ ಸಕ್ರಿಯವಾಗಿರುತ್ತದೆ.

ಪರಿಹಾರ ಎರಡು ಬಗೆಯದು. ಕೆಲಸವನ್ನು ತುಂಡು ಮಾಡಲು ಸಾಧ್ಯವಿದ್ದರೆ ಥ್ರೆಡ್ (ಮುಖ್ಯ ಕೋಡಿನ ಜೊತೆಜೊತೆಗೇ ಓಡುವ ಇನ್ನೊಂದು ಎಳೆ) ಗೊಡವೆಯೇ ಬೇಡ. ಐವತ್ತು ಸಾಲು ಓದಿ ಸೇರಿಸಿ, ‘ಆಫ್ಟರ್’ ಎಂಬ ವಿಧಾನದ ಮೂಲಕ ಮುಂದಿನ ಐವತ್ತರ ಸರದಿಯನ್ನು ಲೂಪಿಗೆ ಹೇಳಿ, ಫಂಕ್ಷನ್ನಿನಿಂದ ಹೊರಗೆ ಬನ್ನಿ. ನಡುವಿನ ಬಿಡುವಿನಲ್ಲಿ ಲೂಪ್ ಪರದೆಯನ್ನು ಬಿಡಿಸುತ್ತದೆ, ಕ್ಲಿಕ್ ನೋಡುತ್ತದೆ, ಪ್ರೋಗ್ರೆಸ್ ಬಾರ್ ಮುಂದೆ ಸರಿಯುತ್ತದೆ. ಒಂದೊಂದು ತುಂಡು ಸೆಕೆಂಡಿನ ಹತ್ತನೆಯ ಒಂದು ಭಾಗದೊಳಗೆ ಮುಗಿಯುವಂತೆ ಅಳತೆ ಇಟ್ಟುಕೊಂಡರೆ ಬಳಸುವವರಿಗೆ ತಡೆ ಗೊತ್ತಾಗುವುದಿಲ್ಲ. ‘ಆಫ್ಟರ್’ಗೆ ಕೊಡುವ ಸಮಯ ಮಿಲಿಸೆಕೆಂಡಿನಲ್ಲಿರುತ್ತದೆ, 1000 ಎಂದರೆ ಒಂದು ಸೆಕೆಂಡ್. ಅದಕ್ಕೂ ಫಂಕ್ಷನ್ನಿನ ಹೆಸರನ್ನಷ್ಟೇ ಕೊಡಬೇಕು. ತನ್ನನ್ನೇ ಮತ್ತೆ ಸರದಿಗೆ ಹಾಕಿಕೊಳ್ಳುವ ಫಂಕ್ಷನ್ನಿನಲ್ಲಿ ಆವರಣ ಸೇರಿಸಿಬಿಟ್ಟರೆ ಅದು ಕಾಯದೆ ತನ್ನನ್ನು ತಾನೇ ಕರೆಯುತ್ತಾ ಹೋಗಿ ‘ರಿಕರ್ಷನ್ ಎರರ್’ನಲ್ಲಿ ನಿಲ್ಲುತ್ತದೆ. ವಿಂಡೋ ಇರುವ ಕಡೆ, ಕೋಡನ್ನು ಸ್ವಲ್ಪ ಹೊತ್ತು ನಿಲ್ಲಿಸುವ ‘ಸ್ಲೀಪ್’ ಬಳಸಬೇಕೆನಿಸಿದಾಗಲೆಲ್ಲ ಅದರ ಜಾಗದಲ್ಲಿ ಬರಬೇಕಾದದ್ದು ಈ ‘ಆಫ್ಟರ್’.

ದೊಡ್ಡ ಫೈಲ್ ಡೌನ್‌ಲೋಡ್ ಮಾಡುವಂಥ, ತುಂಡು ಮಾಡಲು ಬಾರದ ಕೆಲಸಕ್ಕೆ ಥ್ರೆಡ್ ಬೇಕು. ಅಲ್ಲಿ ಒಂದು ನಿಯಮವನ್ನು ಯಾವ ಕಾರಣಕ್ಕೂ ಮುರಿಯಬೇಡಿ: ಕೆಲಸದ ಥ್ರೆಡ್ಡಿನಿಂದ ಲೇಬಲ್, ಬಟನ್, ಪಟ್ಟಿ ಯಾವುದನ್ನೂ ಮುಟ್ಟಬಾರದು. ಮುಟ್ಟಿದರೆ ಕೆಲವೊಮ್ಮೆ ಸರಿಯಾಗಿಯೇ ನಡೆಯುತ್ತದೆ, ಅಪಾಯವಿರುವುದೂ ಅದರಲ್ಲೇ. ನಿಮ್ಮಲ್ಲಿ ತಿಂಗಳುಗಟ್ಟಲೆ ನಡೆದದ್ದು ಇನ್ನೊಬ್ಬರ ಕಂಪ್ಯೂಟರಿನಲ್ಲಿ ಯಾವುದೋ ಗಳಿಗೆಯಲ್ಲಿ ಕುಸಿಯುತ್ತದೆ. ಥ್ರೆಡ್ ತನ್ನ ಫಲಿತಾಂಶವನ್ನು ಒಂದು ಕ್ಯೂಗೆ (ಥ್ರೆಡ್‌ಗಳ ನಡುವೆ ಮೌಲ್ಯ ದಾಟಿಸುವ ಸರದಿ ಸಾಲು) ಹಾಕಲಿ, ಮುಖ್ಯ ವಿಂಡೋ ‘ಆಫ್ಟರ್’ ಬಳಸಿ 100 ಮಿಲಿಸೆಕೆಂಡಿಗೊಮ್ಮೆ ಆ ಕ್ಯೂ ನೋಡಿ, ಇದ್ದದ್ದನ್ನೆಲ್ಲ ತೆಗೆದು ಪರದೆಗೆ ಹಾಕಲಿ. ಕ್ಯೂ ನೋಡುವಾಗ ಕಾಯದೆ ಹಿಂದಿರುಗುವ ‘ಗೆಟ್ ನೋವೇಟ್’ ಬಳಸಿ. ಬರೀ ‘ಗೆಟ್’ ಬಳಸಿದರೆ ಅದು ಏನಾದರೂ ಬರುವವರೆಗೆ ಕಾದು, ನೀವು ತಪ್ಪಿಸಲು ಹೊರಟ ಹ್ಯಾಂಗ್ ಅನ್ನು ಮರಳಿ ತರುತ್ತದೆ. ಬಟನ್ನನ್ನು ನಿಷ್ಕ್ರಿಯಗೊಳಿಸುವ ಉಪಾಯ ಈಗ ಫಲ ಕೊಡುತ್ತದೆ: ಥ್ರೆಡ್ ಶುರು ಮಾಡುವ ಮೊದಲು ನಿಷ್ಕ್ರಿಯ, ಕ್ಯೂನಲ್ಲಿ ‘ಮುಗಿಯಿತು’ ಎಂಬ ಸಂದೇಶ ಕಂಡಾಗ ಸಕ್ರಿಯ. ದಾಖಲೆ ಇಡಲು ನೀವು ಎಸ್‌ಕ್ಯೂಲೈಟ್ ಎಂಬ ಚಿಕ್ಕ ಡೇಟಾಬೇಸ್ ಬಳಸುತ್ತಿರುವುದರಿಂದ ಇನ್ನೊಂದು ಮಾತು: ಒಂದು ಥ್ರೆಡ್ಡಿನಲ್ಲಿ ತೆರೆದ ಕನೆಕ್ಷನ್ನನ್ನು ಇನ್ನೊಂದರಲ್ಲಿ ಬಳಸಲು ಪೈಥಾನ್ ಸಾಮಾನ್ಯವಾಗಿ ಬಿಡುವುದಿಲ್ಲ, ಆದ್ದರಿಂದ ಕೆಲಸದ ಥ್ರೆಡ್ಡಿನ ಒಳಗೇ ಹೊಸ ಕನೆಕ್ಷನ್ ತೆರೆದು, ಕಮಿಟ್ ಮಾಡಿ (ಬದಲಾವಣೆಗಳನ್ನು ಖಾಯಂಗೊಳಿಸಿ), ಅಲ್ಲೇ ಮುಚ್ಚಿ.

ಪಟ್ಟಿ ತುಂಬಿಸುವ ಫಾರ್ ಲೂಪಿನ ನಡುವೆ ‘ಅಪ್‌ಡೇಟ್’ ಎಂಬ ವಿಧಾನವನ್ನು ಕರೆದರೆ ಸಾಕು, ಹ್ಯಾಂಗ್ ಹೋಗುತ್ತದೆ ಎಂಬ ಸಲಹೆ ನಿಮಗೆ ಈಗಾಗಲೇ ಸಿಕ್ಕಿದೆ. ಹ್ಯಾಂಗ್ ಹೋಗುವುದು ನಿಜ. ಆದರೆ ‘ಅಪ್‌ಡೇಟ್’ ಸರದಿಯಲ್ಲಿದ್ದ ಎಲ್ಲವನ್ನೂ ಅಲ್ಲೇ ನಡೆಸಿಬಿಡುತ್ತದೆ. ಬಳಸುವವರು ಅದೇ ಬಟನ್ನನ್ನು ಮತ್ತೆ ಒತ್ತಿದ್ದರೆ ಮೊದಲ ಸುತ್ತು ಅರ್ಧದಲ್ಲಿರುವಾಗಲೇ ಅದರ ಹೊಟ್ಟೆಯೊಳಗೆ ಎರಡನೆಯ ಸುತ್ತು ಶುರುವಾಗುತ್ತದೆ. ವಿಂಡೋ ಮುಚ್ಚಿದ್ದರೆ, ಇಲ್ಲದ ಲೇಬಲ್ಲಿಗೆ ಬರೆಯಲು ಹೋಗಿ ಎರರ್ ಬರುತ್ತದೆ. ಹೊಸಬರಿಗೆ ನಾನು ಅದನ್ನು ಸೂಚಿಸುವುದಿಲ್ಲ.

ಮುಂದೆ ಬೇರೆ ಭಾಷೆಗೆ ಹೋದರೂ ಈ ಅಧ್ಯಾಯ ಬದಲಾಗುವುದಿಲ್ಲ. ಜಾವಾ ಸ್ವಿಂಗ್‌ನಲ್ಲಿ ‘ಇನ್ವೋಕ್ ಲೇಟರ್’, ಸಿ ಶಾರ್ಪ್‌ನ ವಿನ್‌ಫಾರ್ಮ್ಸ್‌ನಲ್ಲಿ ‘ಇನ್ವೋಕ್’, ಕ್ಯೂಟಿಯಲ್ಲಿ ಸಿಗ್ನಲ್ ಎಂದು ಹೆಸರುಗಳು ಬೇರೆಯಾಗುತ್ತವೆ, ನಿಯಮ ಇದೇ.

ಚಿತ್ರದ ವಿಷಯದಲ್ಲಿ ನೀವು ಕಳಿಸಿದ ಸ್ಕ್ರೀನ್‌ಶಾಟ್‌ನಲ್ಲಿಯೇ ಸುಳಿವಿದೆ. ಖಾಲಿ ಜಾಗ ಮುಖಪುಟದ ಅಳತೆಯಷ್ಟೇ ಇದೆ. ಫೈಲಿನ ದಾರಿ ತಪ್ಪಿದ್ದರೆ ಫೈಲ್ ತೆರೆಯಲಾಗಲಿಲ್ಲ ಎಂಬ ಎರರ್ ಬರುತ್ತಿತ್ತು. ಹಾಗಾಗಿಲ್ಲ, ಅಂದರೆ ಚಿತ್ರ ತೆರೆದಿದೆ, ಅಳತೆ ಲೇಬಲ್ಲಿಗೆ ತಲುಪಿದೆ, ಆಮೇಲೆ ಚಿತ್ರ ಅಳಿಸಿಹೋಗಿದೆ. ಚಿತ್ರವನ್ನು ಹಿಡಿದಿಡುವ ಫೋಟೋಇಮೇಜ್ ಅನ್ನು ಫಂಕ್ಷನ್ನಿನ ಒಳಗಿನ ವೇರಿಯಬಲ್ಲಿನಲ್ಲಿ ಇಟ್ಟಿದ್ದೀರಿ. ಫಂಕ್ಷನ್ ಮುಗಿದೊಡನೆ ಅದನ್ನು ಹಿಡಿದಿಟ್ಟುಕೊಂಡವರು ಯಾರೂ ಇಲ್ಲವೆಂದು ಪೈಥಾನ್ ಅದನ್ನು ತೆಗೆದುಹಾಕುತ್ತದೆ. ಲೇಬಲ್ಲಿಗೆ ಗೊತ್ತಿರುವುದು ಚಿತ್ರದ ಹೆಸರು ಮಾತ್ರ, ಅದರ ಕೈಯಲ್ಲಿ ಪೈಥಾನ್ ಆಬ್ಜೆಕ್ಟ್ ಇರುವುದಿಲ್ಲ. ಚಿತ್ರವನ್ನು ಸೆಲ್ಫ್‌ಗೆ ಸೇರಿದ ವೇರಿಯಬಲ್ಲಿನಲ್ಲೋ ಆ ಲೇಬಲ್ಲಿನ ಮೇಲೆಯೇ ಒಂದು ಹೆಸರಿನಲ್ಲೋ ಇಟ್ಟುಕೊಳ್ಳಿ. ಈ ಕಾರಣ ತಿಳಿಯದೆ ನಾನು ಹಿಂದೊಮ್ಮೆ ಎರಡು ದಿನ ಫೈಲಿನ ದಾರಿಯನ್ನೇ ತಿದ್ದುತ್ತಾ ಕುಳಿತಿದ್ದೆ. ಅಳತೆ ಸರಿಯಿದೆಯೇ ಎಂದು ಮೊದಲು ನೋಡಿದ್ದರೆ ಆ ಎರಡು ದಿನ ಉಳಿಯುತ್ತಿತ್ತು.

ಕನ್ನಡ ಶೀರ್ಷಿಕೆಯ ಎರರ್‌ನಲ್ಲಿ ‘ಚಾರ್‌ಮ್ಯಾಪ್’ ಎಂಬ ಪದ ಇದೆ. ವಿಂಡೋಸ್‌ನಲ್ಲಿ ಫೈಲ್ ತೆರೆಯುವಾಗ ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿ) ಹೇಳದಿದ್ದರೆ ಪೈಥಾನ್‌ನ ಈಗ ಬಳಕೆಯಲ್ಲಿರುವ ಹೆಚ್ಚಿನ ಆವೃತ್ತಿಗಳು ಆ ಕಂಪ್ಯೂಟರಿನ ಹಳೆಯ ಅಕ್ಷರಪಟ್ಟಿಯಾದ ಕೋಡ್‌ಪೇಜನ್ನು ಹಿಡಿಯುತ್ತವೆ, ಅದರಲ್ಲಿ ಕನ್ನಡ ಅಕ್ಷರಗಳಿಗೆ ಜಾಗವೇ ಇಲ್ಲ. ಬರೆಯುವಾಗಲೂ ಓದುವಾಗಲೂ ಎನ್‌ಕೋಡಿಂಗ್ ಯುಟಿಎಫ್-8 ಎಂದು ಸ್ಪಷ್ಟವಾಗಿ ಕೊಡಿ. ಸಿಎಸ್‌ವಿ ಫೈಲನ್ನು ಎಕ್ಸೆಲ್‌ನಲ್ಲಿ ನೇರವಾಗಿ ತೆರೆಯುವವರಿದ್ದರೆ ‘ಯುಟಿಎಫ್-8-ಸಿಗ್’ ಎಂದು ಕೊಡಿ, ಇಲ್ಲದಿದ್ದರೆ ಅಲ್ಲಿ ಅಕ್ಷರಗಳು ಚೆಲ್ಲಾಪಿಲ್ಲಿಯಾಗಿ ಕಾಣಬಹುದು. ಶೀರ್ಷಿಕೆಗೆ ಮೂವತ್ತು ಅಕ್ಷರದ ಮಿತಿ ಹಾಕಿದ್ದನ್ನೂ ಗಮನಿಸಿದೆ. ಕಣ್ಣಿಗೆ ಒಂದಾಗಿ ಕಾಣುವ ‘ಕ್ಷ’ ಪೈಥಾನ್ ಎಣಿಕೆಯಲ್ಲಿ ಮೂರು: ಕ, ಅರ್ಧಾಕ್ಷರ ಮಾಡುವ ‘್’ ಚಿಹ್ನೆ, ಷ. ಮೂವತ್ತಕ್ಕೆ ಕತ್ತರಿಸಿದರೆ ಒತ್ತಕ್ಷರದ ನಡುವೆಯೇ ಕತ್ತರಿ ಬೀಳಬಹುದು, ಆದ್ದರಿಂದ ಆ ಮಿತಿಯನ್ನು ತೆಗೆದುಬಿಡುವುದೇ ಒಳ್ಳೆಯದು.

ಸ್ನೇಹಿತರ ಕಂಪ್ಯೂಟರಿನಲ್ಲಿ ದಾಖಲೆ ಉಳಿಯದಿರುವುದಕ್ಕೆ ಬೇರೆಯೇ ಕಾರಣ. ಒಂದೇ ಫೈಲಾಗಿ ಕಟ್ಟಿದ ಪ್ರೋಗ್ರಾಮ್ ತೆರೆದಾಗ ಪೈಇನ್‌ಸ್ಟಾಲರ್ ಒಳಗಿರುವುದನ್ನೆಲ್ಲ ಒಂದು ತಾತ್ಕಾಲಿಕ ಫೋಲ್ಡರಿಗೆ ಬಿಚ್ಚುತ್ತದೆ, ಮುಚ್ಚಿದಾಗ ಆ ಫೋಲ್ಡರನ್ನು ಅಳಿಸುತ್ತದೆ. ನಿಮ್ಮ ಡೇಟಾಬೇಸ್ ಕೋಡ್ ಇರುವ ಫೋಲ್ಡರಿನಲ್ಲಿಯೇ ಇರುವಂತೆ ಬರೆದಿದ್ದೀರಿ, ಆದ್ದರಿಂದ ಅದೂ ಜೊತೆಗೆ ಅಳಿಸಿಹೋಗುತ್ತದೆ. ಪ್ರೋಗ್ರಾಮ್ ಓದುವುದಕ್ಕೆ ಮಾತ್ರ ಬೇಕಾದ ಐಕಾನ್, ಚಿತ್ರಗಳು ಬೇರೆ, ಬಳಸುವವರು ಸೇರಿಸುವ ದಾಖಲೆ ಬೇರೆ ಎಂದು ಮೊದಲ ದಿನದಿಂದಲೇ ಎರಡು ದಾರಿ ಮಾಡಿ. ದಾಖಲೆ ಬಳಕೆದಾರರ ಸ್ವಂತ ಫೋಲ್ಡರಿನಲ್ಲಿರಲಿ, ವಿಂಡೋಸ್‌ನಲ್ಲಾದರೆ ಆಪ್‌ಡೇಟಾ ಅದಕ್ಕೆಂದೇ ಇದೆ. ‘ಪ್ರೋಗ್ರಾಮ್ ಫೈಲ್ಸ್’ ಒಳಗೆ ಇಡಲು ಹೋಗಬೇಡಿ. ಅಲ್ಲಿ ಬರೆಯುವ ಅನುಮತಿ ಸಾಮಾನ್ಯ ಬಳಕೆದಾರರಿಗೆ ಇರುವುದಿಲ್ಲ. ಬರೀ ಫೈಲಿನ ಹೆಸರು ಕೊಟ್ಟು ತೆರೆಯುವುದೂ ಭದ್ರವಲ್ಲ, ಏಕೆಂದರೆ ಆಗ ಹುಡುಕಾಟ ನಡೆಯುವುದು ಪ್ರೋಗ್ರಾಮನ್ನು ಯಾವ ಫೋಲ್ಡರಿನಿಂದ ಶುರು ಮಾಡಿದರೋ ಅಲ್ಲಿ.

ನೀವು ಕೇಳದಿದ್ದರೂ ಕೋಡಿನಲ್ಲಿ ಕಂಡ ಒಂದು ಸಾಲು: ಎಂಟ್ರಿ (ಪದ ಟೈಪ್ ಮಾಡುವ ಪೆಟ್ಟಿಗೆ) ಸೃಷ್ಟಿಸಿ ಅದೇ ಸಾಲಿನಲ್ಲಿ ಗ್ರಿಡ್ ಮಾಡಿ (ವಿಂಡೋದಲ್ಲಿ ಜಾಗಕ್ಕೆ ಕೂರಿಸಿ) ವೇರಿಯಬಲ್ಲಿಗೆ ಹಾಕಿದ್ದೀರಿ. ಗ್ರಿಡ್ ಏನನ್ನೂ ಹಿಂದಿರುಗಿಸುವುದಿಲ್ಲ, ಹಾಗಾಗಿ ಆಮೇಲೆ ಅದರಿಂದ ಮೌಲ್ಯ ಓದಲು ಹೋದಾಗ ‘ನನ್‌ಟೈಪ್’ ಎಂದು ಎರರ್ ಬರುತ್ತದೆ. ಎರಡು ಸಾಲಾಗಿ ಒಡೆಯಿರಿ.

ಇದೆಲ್ಲಕ್ಕಿಂತ ಮೊದಲು ಒಂದು ಕೆಲಸ ಮಾಡಿ. ಕನ್ಸೋಲ್ ಇಲ್ಲದೆ ಓಡುವ ಪ್ರೋಗ್ರಾಮ್‌ನಲ್ಲಿ ಬಟನ್ ಒತ್ತಿದಾಗ ಬರುವ ಎರರ್ ಯಾರ ಕಣ್ಣಿಗೂ ಬೀಳದೆ ಹೋಗುತ್ತದೆ, ಬಳಸುವವರಿಗೆ ಬಟನ್ ಸುಮ್ಮನಿದ್ದಂತೆ ಕಾಣುತ್ತದೆ. ಟಿಕಿಂಟರ್‌ನ ಮುಖ್ಯ ವಿಂಡೋಗೆ ‘ರಿಪೋರ್ಟ್ ಕಾಲ್‌ಬ್ಯಾಕ್ ಎಕ್ಸೆಪ್ಷನ್’ ಎಂಬ ವಿಧಾನ ಇದೆ. ಅದರ ಜಾಗದಲ್ಲಿ ನಿಮ್ಮದೊಂದು ಫಂಕ್ಷನ್ ಇಟ್ಟು, ಎರರ್‌ನ ಪೂರ್ತಿ ವಿವರವನ್ನು ದಾಖಲೆಯ ಫೋಲ್ಡರಿನಲ್ಲೇ ಒಂದು ಲಾಗ್ ಫೈಲಿಗೆ ಬರೆದು, ಪರದೆಯ ಮೇಲೆ ಚಿಕ್ಕ ಸಂದೇಶವನ್ನೂ ತೋರಿಸಿ. ಥ್ರೆಡ್ಡಿನೊಳಗಿನ ಎರರ್ ಅಲ್ಲಿಗೆ ತಲುಪುವುದಿಲ್ಲ, ಅದನ್ನು ಥ್ರೆಡ್ಡಿನಲ್ಲೇ ಹಿಡಿದು ಕ್ಯೂಗೆ ಹಾಕಬೇಕು. ಇಷ್ಟನ್ನು ಸೇರಿಸಿ, ಹಳೆಯ ಪಟ್ಟಿ ತುಂಬಿಸುವ ಕೆಲಸವನ್ನು ಐವತ್ತೈವತ್ತು ಸಾಲಿನ ತುಂಡಾಗಿ ಮಾಡಿ ನೋಡಿ. ಆಮೇಲೂ ವಿಂಡೋ ನಿಂತರೆ ಆ ಫಂಕ್ಷನ್ನಿನ ಕೋಡನ್ನೂ ಲಾಗ್ ಫೈಲಿನ ಕೊನೆಯ ಇಪ್ಪತ್ತು ಸಾಲುಗಳನ್ನೂ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.